ಗೇಣುದ್ದ ಉಳಿಸಿದ್ದರ ಲೆಕ್ಕ

ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಚಿಕ್ಕಪ್ಪನ ಮಗ ಒಂದು ಬುಲ್‌ಪಪ್ ಬೋಲ್ಟ್ ಆ್ಯಕ್ಷನ್ ರೈಫಲ್ ಕೊಂಡಿದ್ದ. ನಾನು ಅಲ್ಲಿಗೆ ಹೋದಾಗ ಗುರಿ ಹೊಡೆಯುವ ಮೈದಾನಕ್ಕೆ ಕರೆದುಕೊಂಡು ಹೋದ. ಪ್ರವಾಸಿ ವೀಸಾದ ಮೇಲೆ ಹೋದವರು, ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದಿದ್ದರೆ, ಆ ದೇಶದಲ್ಲಿ ಬಂದೂಕು ಕೈಗೆತ್ತಿಕೊಳ್ಳುವಂತಿಲ್ಲ. ಹಾಗಾಗಿ ನಾನು ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದೆ. ಮಧ್ಯೆ ಮಧ್ಯೆ ರೈಫಲ್ ಕೈಕೊಡುತ್ತಿತ್ತು. ಬೋಲ್ಟ್ ಮುಂದಕ್ಕೆ ತಳ್ಳಿದರೂ ಹೊಸ ತೋಟಾ ಒಳಗೆ ಹೋಗುತ್ತಿರಲಿಲ್ಲ, ಟ್ರಿಗರ್ ಎಳೆದರೆ ಖಾಲಿ ಸದ್ದು. "ಅಣ್ಣಾ, ಮ್ಯಾಗಜಿನ್ ಎರಡು ಬದಲಾಯಿಸಿದೆ, ಸ್ಪ್ರಿಂಗ್ ಬದಲಾಯಿಸಿದೆ. ಈಗ ಬೋಲ್ಟಿನ ಹಿಡಿಯನ್ನೇ ಬೇರೆ ತರಿಸಿದ್ದೀನಿ, ನಾಳೆ ಹಾಕ್ಬೇಕು" ಎಂದ.

ಹಿಂದೆ ನಿಂತವನಿಗೆ ಕಂಡದ್ದು ಅವನ ಮೊಣಕೈ. ಈ ಬಗೆಯ ರೈಫಲಿನಲ್ಲಿ ಬೋಲ್ಟ್ ಇರುವುದು ಬಹುಮಟ್ಟಿಗೆ ಕಂಕುಳ ಹತ್ತಿರ. ಅದನ್ನು ಪೂರ್ತಿ ಹಿಂದೆಳೆಯಲು ಮೊಣಕೈ ಬೆನ್ನಿನಾಚೆಗೆ ಹೋಗಬೇಕು, ಇಲ್ಲವೇ ರೆಕ್ಕೆ ಬಿಚ್ಚಿದಂತೆ ಹೊರಕ್ಕೆ ಏಳಬೇಕು. ಅವನು ಹಳೆಯ ರೈಫಲಿನ ಅಭ್ಯಾಸದಲ್ಲಿ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಎಳೆಯುತ್ತಿದ್ದ. ಬೋಲ್ಟ್ ಮುಕ್ಕಾಲು ದಾರಿ ಬಂದು ನಿಲ್ಲುತ್ತಿತ್ತು. ಖಾಲಿ ತೋಟಾ ಹೊರಗೆ ಬೀಳುವಷ್ಟು ಬಂದಿತ್ತು, ಆದರೆ ಮ್ಯಾಗಜಿನ್ನಿನಲ್ಲಿ ಮೇಲೆದ್ದು ಕಾಯುತ್ತಿದ್ದ ಹೊಸ ತೋಟಾದ ಬುಡವನ್ನು ದಾಟಿ ಹಿಂದಕ್ಕೆ ಬಂದಿರಲಿಲ್ಲ. ದಾಟದಿದ್ದರೆ ಅದನ್ನು ಮುಂದಕ್ಕೆ ನೂಕುವುದು ಹೇಗೆ? ಮೊಣಕೈ ಎತ್ತಿ ಎಳೆ ಎಂದೆ. ಎಳೆದ. ಆಮೇಲೆ ಒಂದೂ ತಪ್ಪಲಿಲ್ಲ.

ಇದನ್ನು ನನ್ನ ಜಾಣತನಕ್ಕೆ ಸಾಕ್ಷಿಯಾಗಿ ಹೇಳುತ್ತಿಲ್ಲ, ಹಿಂದೆ ನಿಂತ ಯಾರಿಗಾದರೂ ಕಾಣುವಂಥದ್ದು ಅದು. ಆದರೆ ಬುಲ್‌ಪಪ್ ಬಂದೂಕಿನಲ್ಲಿ ತೊಂದರೆ ಹುಡುಕುವವರು ಮತ್ತು ಅದನ್ನು ತಮಗೆ ಬೇಕಾದಂತೆ ಮಾರ್ಪಡಿಸುವವರು ಎಲ್ಲಿ ಎಡವುತ್ತಾರೆ ಎಂಬುದು ಅಲ್ಲಿ ನನಗೆ ಸ್ಪಷ್ಟವಾಯಿತು. ಈ ರೈಫಲಿನ ತೊಂದರೆಗಳಲ್ಲಿ ಎರಡು ಜಾತಿ. ಕೆಲವು ತಯಾರಿಕೆಯ ಅಥವಾ ಸವೆತದ ದೋಷ, ಅವನ್ನು ತಿದ್ದಬಹುದು. ಕೆಲವು ಆ ಆಕಾರದ ಹುಟ್ಟುಗುಣ. ಯಾವ ಬಿಡಿಭಾಗ ತಂದರೂ ಅವು ಹೋಗುವುದಿಲ್ಲ, ಅವುಗಳಿಗೆ ಮೈಯನ್ನೇ ಒಗ್ಗಿಸಿಕೊಳ್ಳಬೇಕು. ಎರಡನ್ನೂ ಬೇರ್ಪಡಿಸಿ ನೋಡದೆ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳುವುದು ದುಡ್ಡಿಗೂ ದಂಡ, ಕೆಲವೊಮ್ಮೆ ಜೀವಕ್ಕೂ ಅಪಾಯ.

ಆ ಆಕಾರ ಹೇಗಿದೆ ನೋಡಿ. ಸಾಮಾನ್ಯ ರೈಫಲಿನಲ್ಲಿ ಟ್ರಿಗರಿನಿಂದ ಭುಜದವರೆಗಿನ ಭಾಗ ಬರೀ ಮರ ಅಥವಾ ಪ್ಲಾಸ್ಟಿಕ್. ಭುಜಕ್ಕೂ ಬೆರಳಿಗೂ ನಡುವೆ ಇರಬೇಕಾದ ದೂರಕ್ಕಾಗಿ ಇರುವ ಖಾಲಿ ಜಾಗ ಅದು. ಬುಲ್‌ಪಪ್ ಮಾಡಿದವರು ಬೋಲ್ಟ್, ಮ್ಯಾಗಜಿನ್, ತೋಟಾ ಕೂರುವ ಕೋಣೆ ಎಲ್ಲವನ್ನೂ ಆ ಜಾಗಕ್ಕೆ ಸರಿಸಿ ಟ್ರಿಗರನ್ನು ಮುಂದಕ್ಕೆ ತಂದರು. ನಳಿಗೆಯ ಉದ್ದ ಇದ್ದಷ್ಟೇ ಇದ್ದು, ಒಟ್ಟು ಉದ್ದದಲ್ಲಿ ಒಂದು ಗೇಣಿನಷ್ಟು, ಕೆಲವು ಮಾದರಿಗಳಲ್ಲಿ ಅದಕ್ಕೂ ಹೆಚ್ಚು, ಉಳಿಯಿತು. ಈ ಲಾಭ ಸಣ್ಣದಲ್ಲ. 7.62 ಮಿಲಿಮೀಟರಿನ ತೋಟಾದಲ್ಲಿ ನಳಿಗೆಯನ್ನು ಒಂದೊಂದು ಅಂಗುಲ ಕತ್ತರಿಸಿದಂತೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 6ರಿಂದ 8 ಮೀಟರ್ ಇಳಿಯುತ್ತದೆ. ನಳಿಗೆ ಕತ್ತರಿಸದೆ ರೈಫಲನ್ನು ಗಿಡ್ಡ ಮಾಡಬಹುದೆಂದರೆ ವಾಹನದೊಳಗೆ ಕೂರುವವನಿಗೆ, ಪೊದೆಯಲ್ಲಿ ನುಸುಳುವವನಿಗೆ ಅದು ವರವೇ.

ಆ ವರಕ್ಕೆ ಕೊಡುವ ಬೆಲೆಯೂ ಹಳೆಯದೇ. ಬೋಯರ್ ಯುದ್ಧ ನಡೆಯುತ್ತಿದ್ದ 1901ರಲ್ಲಿ ಬ್ರಿಟನ್ನಿನಲ್ಲಿ ಥಾರ್ನಿಕ್ರಾಫ್ಟ್ ಎಂಬವರ ಹೆಸರಿನ ಒಂದು ಕಾರ್ಬೈನ್ ಹುಟ್ಟಿತು. ಬುಲ್‌ಪಪ್ ಬಂದೂಕುಗಳಲ್ಲಿ ಮೊದಲಿನವುಗಳ ಪೈಕಿ ಅದೂ ಒಂದು. ಅದು ಬೋಲ್ಟ್ ಆ್ಯಕ್ಷನ್ನೇ. ಆಗ ಸೈನ್ಯದಲ್ಲಿದ್ದ ಲೀ ಎನ್‌ಫೀಲ್ಡಿಗಿಂತ ಏಳೂವರೆ ಅಂಗುಲ ಗಿಡ್ಡ, ಶೇಕಡಾ 10ರಷ್ಟು ಹಗುರ. ಹೈತ್‌ನ ಸೈನಿಕ ತರಬೇತಿ ಶಾಲೆಯಲ್ಲಿ ಪರೀಕ್ಷೆ ಮಾಡಿ ಬೇಡ ಎಂದರು. ಕಾರಣ ಎರಡು: ಒದೆತ ಜಾಸ್ತಿ, ಹಿಡಿದು ಬಳಸುವುದು ಕಷ್ಟ. ಬೋಲ್ಟಿಗೆ ಕೈ ಹಿಂದೆ ಹೋಗಬೇಕು ಎಂಬ ಆ ಕಾಲದ ತೊಡಕೂ ಟೆಕ್ಸಾಸಿನಲ್ಲಿ ನಾನು ಕಂಡ ಮೊಣಕೈಯ ತೊಡಕೂ ಒಂದೇ. ಉಕ್ಕು ಬದಲಾಗಿದೆ, ಮರದ ಜಾಗಕ್ಕೆ ಅಲ್ಯೂಮಿನಿಯಂ ಬಂದಿದೆ. ಮನುಷ್ಯನ ತೋಳು ಬದಲಾಗಿಲ್ಲವಲ್ಲ.

ಇದನ್ನು ಬಗೆಹರಿಸಲು ಜಾಣರು ಪ್ರಯತ್ನಪಡದೆ ಬಿಟ್ಟಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೆಕ್ ಎಂಜಿನಿಯರುಗಳು ರೂಪಿಸಿ ಜರ್ಮನರು ಬಳಸಿದ ಎಂ.ಎಸ್.ಎಸ್. 41 ಎಂಬ ಟ್ಯಾಂಕ್ ನಿರೋಧಕ ರೈಫಲಿನಲ್ಲಿ ಬೋಲ್ಟನ್ನು ಅಲುಗಾಡಿಸುವುದನ್ನೇ ಕೈಬಿಟ್ಟರು. ಹಿಂಭಾಗ ಭುಜದ ಬಳಿ ಸ್ಥಿರವಾಗಿ ನಿಲ್ಲುತ್ತದೆ. ಬಲಗೈ ಪಿಸ್ತೂಲು ಹಿಡಿಯನ್ನು ಬಿಡದೆಯೇ ಅದನ್ನು ಮುಂದಕ್ಕೆ ತಳ್ಳಿದರೆ ನಳಿಗೆಯೇ ಮುಂದಕ್ಕೆ ಸರಿದು ಬಾಯಿ ಬಿಡುತ್ತದೆ, ಹಿಂದಕ್ಕೆಳೆದರೆ ಮುಚ್ಚಿಕೊಳ್ಳುತ್ತದೆ. ನನಗೆ ಈ ಯೋಚನೆ ಕಂಡಾಗಲೆಲ್ಲ ಸಂತೋಷವಾಗುತ್ತದೆ. ತೊಡಕು ಎಲ್ಲಿದೆಯೆಂದು ಗುರುತಿಸಿ ಬುಡದಲ್ಲೇ ತಿದ್ದಿದ ಕೆಲಸ ಅದು. ಆದರೆ ಅಂಥದ್ದನ್ನು ಕಾರ್ಖಾನೆಯಲ್ಲಿ, ಕಾಗದದ ಮೇಲೆ ನಕ್ಷೆ ಬರೆಯುವ ಹಂತದಲ್ಲಿ ಮಾಡಬೇಕು. ಮನೆಯ ಮೇಜಿನ ಮೇಲೆ ಹೊಸ ಹಿಡಿ ಸಿಕ್ಕಿಸಿ ಅದನ್ನು ಸಾಧಿಸಲಾಗದು.

ಟ್ರಿಗರಿನ ವಿಷಯ ಇನ್ನೂ ಸೂಕ್ಷ್ಮ. ಸಾಧಾರಣ ರೈಫಲಿನಲ್ಲಿ ಬೆರಳು ಎಳೆಯುವ ಟ್ರಿಗರಿಗೂ ಫೈರಿಂಗ್ ಪಿನ್ನನ್ನು ತಡೆದು ನಿಲ್ಲಿಸುವ ಸಿಯರ್ ಎಂಬ ಕೊಕ್ಕೆಗೂ ಒಂದೆರಡು ಅಂಗುಲದ ಅಂತರ. ಬುಲ್‌ಪಪ್‌ನಲ್ಲಿ ಟ್ರಿಗರ್ ಮುಂದೆ, ಕೊಕ್ಕೆ ಹಿಂದೆ, ನಡುವೆ ಉದ್ದನೆಯ ಕಡ್ಡಿ. ಕಡ್ಡಿ ತಳ್ಳುವ ಜಾತಿಯದಾದರೆ ಒತ್ತಡಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಎಳೆಯುವ ಜಾತಿಯದಾದರೆ ಬಾಗುವುದಿಲ್ಲ. ಹೆಣಿಗೆಯ ಕಡ್ಡಿಯನ್ನು ಎರಡು ತುದಿಯಿಂದ ಒತ್ತಿ, ಆಮೇಲೆ ಎಳೆದು ನೋಡಿದರೆ ಈ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಬೆರಳಿಗೆ ಆ ಬಾಗು ಮೆತ್ತಗಿನ, ಎಲ್ಲಿ ಬಿಡುತ್ತದೆಂದು ತಿಳಿಯದ ಎಳೆತವಾಗಿ ಅರಿವಿಗೆ ಬರುತ್ತದೆ. ಬುಲ್‌ಪಪ್ ಟ್ರಿಗರಿನ ಮೇಲೆ ಇರುವ ಹಳೆಯ ದೂರು ಇದೇ.

ಆದರೆ ಆ ದೂರಿನ ಒಂದು ಪಾಲು ಬರೀ ಕೊಳೆ. ತಮ್ಮ ತನ್ನ ರೈಫಲಿನ ಪಕ್ಕದ ಹೊದಿಕೆ ಬಿಚ್ಚಿದಾಗ ಕಂಡದ್ದು: ಕಡ್ಡಿ ಸರಿಯುವ ಕಾಲುವೆಯಲ್ಲಿ ಧಾರಾಳವಾಗಿ ಸುರಿದ ಎಣ್ಣೆ, ಅದಕ್ಕೆ ಮೆತ್ತಿಕೊಂಡ ಮದ್ದಿನ ಮಸಿ ಮತ್ತು ಮೈದಾನದ ಸಣ್ಣ ಮರಳು, ಮೂರೂ ಕಲೆತು ಉಪ್ಪಿನಕಾಯಿಯ ತಳದ ಖಾರದಂತೆ ಗಟ್ಟಿಯಾಗಿದ್ದವು. ಕಡ್ಡಿಯ ಒಂದು ಪಕ್ಕ ಚೌಕಟ್ಟಿಗೆ ಉಜ್ಜಿ ಹೊಳಪು ಬಂದಿತ್ತು. ಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಒಂದು ತೆಳು ಪಸೆ ಮಾತ್ರ ಬಿಟ್ಟು, ಹೊದಿಕೆಯ ಸ್ಕ್ರೂಗಳನ್ನು ಸಮನಾಗಿ ಬಿಗಿದ ಮೇಲೆ ಎಳೆತ ಎಷ್ಟೋ ಚೊಕ್ಕವಾಯಿತು. ಬಾಗು ಪೂರ್ತಿ ಹೋಗಲಿಲ್ಲ. ಅದು ಆಕಾರದ ಪಾಲು. ಹೋದದ್ದು ಕೊಳೆಯ ಪಾಲು. ಒಂದೇ ದೂರಿನಲ್ಲಿ ಎರಡೂ ಹೀಗೆ ಬೆರೆತಿರುತ್ತವೆ ಎನ್ನುವುದಕ್ಕಾಗಿಯೇ ಇದನ್ನು ಇಷ್ಟು ಹತ್ತಿರದಿಂದ ಹೇಳಿದೆ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಟ್ರಿಗರ್ ಹಗುರ ಮಾಡುವ ಉತ್ಸಾಹದಲ್ಲಿ ಸಿಯರ್ ಕೊಕ್ಕೆಯ ಮುಖವನ್ನು ಸಾಣೆಕಲ್ಲಿಗೆ ಉಜ್ಜುವವರಿದ್ದಾರೆ. ಆ ಎರಡು ಪುಟ್ಟ ಉಕ್ಕಿನ ಮುಖಗಳ ಕೋನ ತುಸು ತಪ್ಪಿದರೂ ರೈಫಲ್ ಕೈಜಾರಿ ಬಿದ್ದಾಗ, ಕೆಲವೊಮ್ಮೆ ಬೋಲ್ಟ್ ಜೋರಾಗಿ ಮುಚ್ಚಿದಾಗಲೂ ಗುಂಡು ಹಾರಬಹುದು. ಕಡ್ಡಿ ಒರೆಸುವುದು ಮಾಲೀಕನ ಕೆಲಸ. ಕೊಕ್ಕೆ ಮುಟ್ಟುವುದು ಪಳಗಿದ ಬಂದೂಕು ಕಮ್ಮಾರನ ಕೆಲಸ, ಅವನೂ ಕಾರ್ಖಾನೆಯ ಅಳತೆ ಎದುರಿಗಿಟ್ಟುಕೊಂಡೇ ಮುಟ್ಟಬೇಕು.

ಇನ್ನು ಕೆನ್ನೆ. ಬುಲ್‌ಪಪ್‌ನಲ್ಲಿ ನಳಿಗೆಯ ಸಾಲು ನೇರ ಭುಜಕ್ಕೆ ಹೋಗುತ್ತದೆ. ಕಣ್ಣು ಭುಜಕ್ಕಿಂತ ಮೇಲಿರುವುದರಿಂದ ಸ್ಕೋಪನ್ನು ಎತ್ತರದಲ್ಲಿ ಕೂರಿಸಬೇಕಾಗುತ್ತದೆ. ಸ್ಕೋಪಿನ ನಡುಗೆರೆ ನಳಿಗೆಗಿಂತ 6 ಸೆಂಟಿಮೀಟರ್ ಮೇಲಿದ್ದು, 100 ಮೀಟರಿಗೆ ಗುರಿ ಹೊಂದಿಸಿದೆ ಎನ್ನೋಣ. ಸೆಕೆಂಡಿಗೆ 850 ಮೀಟರ್ ವೇಗದ ಗುಂಡು 25 ಮೀಟರಿನಲ್ಲಿ ಗುರಿಗಿಂತ ಸುಮಾರು 3 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹತ್ತಿರದ ಗುರಿ ತಪ್ಪಿತೆಂದು ಸ್ಕೋಪಿಗೆ ಬೈದು ಹೊಸದು ಕೊಳ್ಳುವವನಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ದುಡ್ಡು ಉಳಿಯುತ್ತಿತ್ತು. ಕೆನ್ನೆಗೆ ಆಸರೆಯಾಗುವ ದಿಂಡನ್ನು ಎತ್ತರಿಸುವುದು, ಭುಜದ ಕಡೆ ಒಂದೆರಡು ಬಿಲ್ಲೆ ಸೇರಿಸಿ ಉದ್ದ ಹೊಂದಿಸುವುದು, ಬೋಲ್ಟಿನ ದುಂಡು ಹಿಡಿಯನ್ನು ಕೈತುಂಬ ಸಿಗುವಂತೆ ದೊಡ್ಡದು ಮಾಡುವುದು, ಇವೆಲ್ಲ ಒಳ್ಳೆಯ ಮಾರ್ಪಾಡುಗಳು. ಬಂದೂಕನ್ನು ಮೈಗೆ ಹೊಂದಿಸುತ್ತವೆ, ಒಳಗಿನ ಯಂತ್ರವನ್ನು ಮುಟ್ಟುವುದಿಲ್ಲ. ಎಡಗೈಯವರಿಗೆ ಮಾತ್ರ ಇದರಿಂದ ಪರಿಹಾರವಿಲ್ಲ. ಬಲಗಡೆ ಬೋಲ್ಟ್ ಇರುವ ಸಾಮಾನ್ಯ ರೈಫಲನ್ನು ಎಡಚರು ಹೇಗೋ ಸಂಭಾಳಿಸುತ್ತಾರೆ. ಬುಲ್‌ಪಪ್‌ನಲ್ಲಿ ಆ ಬೋಲ್ಟ್ ಅವರ ಮುಖದ ಪಕ್ಕಕ್ಕೇ ಬರುತ್ತದೆ. ಎಡಗೈಗೆಂದೇ ಮಾಡಿದ್ದು ಸಿಕ್ಕದಿದ್ದರೆ ಕೊಳ್ಳಬಾರದು.

ಕೆನ್ನೆಯ ಕೆಳಗೇ ತೋಟಾ ಸಿಡಿಯುತ್ತದೆ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಮಾತು. ಸಾಮಾನ್ಯ ರೈಫಲಿನಲ್ಲಿ ತೋಟಾದ ಹಿತ್ತಾಳೆ ಸೀಳಿದರೆ ಬಿಸಿ ಅನಿಲ ಮುಖದ ಮುಂದೆ ಹೊರಬೀಳುತ್ತದೆ. ಇಲ್ಲಿ ಮುಖ ಅದರ ಮೇಲೆಯೇ ಒರಗಿರುತ್ತದೆ. ಅನಿಲ ಪಕ್ಕಕ್ಕೆ ಹೋಗಲು ದಾರಿಯನ್ನು ಒಳ್ಳೆಯ ತಯಾರಕರು ಇಟ್ಟಿರುತ್ತಾರೆ, ನಿಜ. ಆದರೂ ಬೋಲ್ಟ್ ಎತ್ತಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಹೊರಬಂದ ಖಾಲಿ ತೋಟಾದ ಕೇಪು ಚಪ್ಪಟೆಯಾಗಿದ್ದರೆ, ಮರದ ಸುತ್ತಿಗೆಯಿಂದ ಬೋಲ್ಟ್ ಬಡಿದು ಇನ್ನೊಂದು ಹೊಡೆದು ನೋಡೋಣ ಎನ್ನಬಾರದು. ಅದು ಒತ್ತಡ ಮಿತಿ ಮೀರಿದ್ದರ ಸುಳಿವು. ಆ ದಿನದ ಗುರಿ ಅಭ್ಯಾಸ ಅಲ್ಲಿಗೇ ಮುಗಿಯಬೇಕು. ಮನೆಯಲ್ಲೇ ಮದ್ದು ಅಳೆದು ತೋಟಾ ತುಂಬುವ ಹವ್ಯಾಸ ಹೊರದೇಶಗಳಲ್ಲಿದೆ. ಅವರು ಪುಸ್ತಕದ ಮಿತಿಗಿಂತ ಒಂದು ಚಿಟಿಕೆ ಹೆಚ್ಚು ಹಾಕುವ ಚಪಲವನ್ನು ಈ ರೈಫಲಿನಲ್ಲಂತೂ ಬಿಟ್ಟೇಬಿಡಬೇಕು. ಟ್ರಿಗರ್ ಎಳೆದೂ ಸಿಡಿಯದೆ ಉಳಿದ ತೋಟಾದ ವಿಷಯವೂ ಅಷ್ಟೇ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ಕೆನ್ನೆ ತೆಗೆದು, ಕನಿಷ್ಠ ಅರ್ಧ ನಿಮಿಷ ಕಾಯಬೇಕು.

ಬುಲ್‌ಪಪ್ ಎಂದರೆ ಮೂಗು ಮುರಿಯುವವರಿಗೂ ನನ್ನದೊಂದು ತಕರಾರಿದೆ. ಅವರು ಸದಾ ಬ್ರಿಟಿಷ್ ಸೈನ್ಯದ ಎಲ್85 ರೈಫಲನ್ನು ತೋರಿಸುತ್ತಾರೆ. ಅದು ಬೋಲ್ಟ್ ಆ್ಯಕ್ಷನ್ ಅಲ್ಲ, ತಾನಾಗಿ ತೋಟಾ ತುಂಬಿಕೊಳ್ಳುವಂಥದು. ಆದರೆ ಆಕಾರ ಇದೇ. 1985ರಲ್ಲಿ ಸೈನ್ಯಕ್ಕೆ ಬಂತು. 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಕೈಕೊಟ್ಟಿತು. ಮ್ಯಾಗಜಿನ್ ಬಿಡಿಸುವ ಗುಂಡಿ ಎದೆಗೆ ತಗುಲಿ ಮ್ಯಾಗಜಿನ್ನೇ ಕಳಚಿ ಬೀಳುತ್ತಿತ್ತು. ಸೊಳ್ಳೆ ಬಾರದಂತೆ ಸೈನಿಕರು ಹಚ್ಚಿಕೊಂಡ ಎಣ್ಣೆಗೆ ಅದರ ಪ್ಲಾಸ್ಟಿಕ್ ಕರಗುತ್ತಿತ್ತು. ಇಷ್ಟೆಲ್ಲ ಆದಮೇಲೆ 2000ದಿಂದ 2002ರ ನಡುವೆ ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಖ್ ಸುಮಾರು 2 ಲಕ್ಷ ರೈಫಲುಗಳನ್ನು ತಿದ್ದಿಕೊಟ್ಟಿತು. ಖರ್ಚು 9 ಕೋಟಿ 20 ಲಕ್ಷ ಪೌಂಡ್. ಬದಲಾಯಿಸಿದ್ದೇನು? ಬೋಲ್ಟ್, ಖಾಲಿ ತೋಟಾ ಕೀಳುವ ಕೊಕ್ಕೆ, ಫೈರಿಂಗ್ ಪಿನ್, ಮ್ಯಾಗಜಿನ್, ಮತ್ತು ಅಲ್ಪವಿರಾಮದ ಆಕಾರದ ಹೊಸ ಕಾಕಿಂಗ್ ಹಿಡಿ. ಹಾರಿಬರುವ ಖಾಲಿ ತೋಟಾ ಅದಕ್ಕೆ ತಗುಲಿ ದೂರ ಸರಿಯುತ್ತದೆ. ಆಕಾರವನ್ನು ಮುಟ್ಟಲಿಲ್ಲ. ಆದರೂ ರೈಫಲ್ ನೆಚ್ಚುವಂತಾಯಿತು. ಅಂದರೆ ಆಕಾರದ ತಲೆಗೆ ಕಟ್ಟಿದ್ದ ಬಹುಪಾಲು ಅಪವಾದ ತಯಾರಿಕೆಯದಾಗಿತ್ತು. ತಿದ್ದಿದ ಮೇಲೂ ಉಳಿದದ್ದು ಆಕಾರದ್ದೇ ಆದ ಕುಂದು: ಅದನ್ನು ಇಂದಿಗೂ ಬಲಭುಜದಿಂದ ಮಾತ್ರ ಹೊಡೆಯಬೇಕು.

ಆದ್ದರಿಂದ ಫ್ರಾನ್ಸ್ 2016ರಲ್ಲಿ ತನ್ನ ಫಾಮಾಸ್ ಬುಲ್‌ಪಪ್‌ಗೆ ಬದಲಾಗಿ ಸಾಮಾನ್ಯ ಆಕಾರದ ರೈಫಲನ್ನು ಆರಿಸಿಕೊಂಡಿತು ಎಂಬುದನ್ನೇ ಕೊನೆಯ ತೀರ್ಪೆಂದು ನಾನು ಒಪ್ಪುವುದಿಲ್ಲ. ಪೋಲೆಂಡಿನ ಸೈನ್ಯ ಬೋರ್ ಎಂಬ ಬುಲ್‌ಪಪ್ ಬೋಲ್ಟ್ ಆ್ಯಕ್ಷನ್ ರೈಫಲನ್ನೇ ತನ್ನ ಗುರಿಕಾರರಿಗೆ ಕೊಟ್ಟಿದೆ. ದೂರದ ಗುರಿಗೆ ಒಂದೊಂದೇ ಗುಂಡು ಹೊಡೆಯುವವನಿಗೆ ಅವಸರವಿಲ್ಲ. ಬೋಲ್ಟ್ ಎಳೆಯಲು ತಲೆ ಎತ್ತಿದರೂ ನಡೆದೀತು. ಖಾಲಿ ತೋಟಾ ಅವನು ಎಳೆದಾಗ ಮಾತ್ರ ಹೊರಬೀಳುವುದರಿಂದ ಅದು ಮುಖಕ್ಕೆ ಹಾರುವ ಕಾಟವೂ ಕಡಿಮೆ. ಬುಲ್‌ಪಪ್ ಆಕಾರ ಅತಿ ಕಡಿಮೆ ಕಾಡುವುದು ಇಂಥ ನಿಧಾನದ ಕೆಲಸದಲ್ಲೇ ಎಂದು ನನ್ನ ಅಭಿಪ್ರಾಯ.

ತೊಂದರೆ ಹುಡುಕುವ ಕ್ರಮಕ್ಕೆ ಬರೋಣ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ತಮ್ಮ ಮ್ಯಾಗಜಿನ್ನನ್ನೂ ಸ್ಪ್ರಿಂಗನ್ನೂ ಒಂದೇ ಸಂಜೆ ಬದಲಾಯಿಸಿದ್ದ. ಅಕಸ್ಮಾತ್ ಸರಿಹೋಗಿದ್ದರೂ ಯಾವುದರಿಂದ ಸರಿಹೋಯಿತೆಂದು ಅವನಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಮೊದಲು ಬೇರೆ ತೋಟಾ, ಆಮೇಲೆ ಬೇರೆ ಕೈ, ಆಮೇಲೆ ಬೇರೆ ಮ್ಯಾಗಜಿನ್, ಖರ್ಚಿಲ್ಲದ್ದು ಮೊದಲು. ಬುಲ್‌ಪಪ್‌ನಲ್ಲಿ ಮ್ಯಾಗಜಿನ್ ಕಣ್ಣಿಗೆ ಕಾಣದ ಜಾಗದಲ್ಲಿರುವುದರಿಂದ ಅದು ಪೂರ್ತಿ ಕೂತಿದೆಯೇ ಎಂದು ಕೆಳಕ್ಕೆ ಜಗ್ಗಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಗುಂಡು ಒಂದೇ ಕಡೆ ಬೀಳದೆ ಚದುರಿದರೆ ನಳಿಗೆಯನ್ನು ದೂರುವ ಮುಂಚೆ ಸ್ಕೋಪಿನ ಮತ್ತು ನಳಿಗೆ ಹಿಡಿದಿಡುವ ಸ್ಕ್ರೂಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ, ಅಳತೆ ತೋರಿಸುವ ಟಾರ್ಕ್ ವ್ರೆಂಚಿನಲ್ಲಿ ಬಿಗಿದು ನೋಡಬೇಕು. ಕೈಯಂದಾಜು ಇಲ್ಲಿ ಸಾಲದು.

ಈ ಕ್ರಮ ನಮ್ಮವರಿಗೆ ಹೊಸದೇನಲ್ಲ. ನಮ್ಮ ಅಜ್ಜನಿಗೆ ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗ ಠಾಣೆಯಲ್ಲಿಟ್ಟು, ಮುಗಿದ ಮೇಲೆ ತಂದಾಗ ಅವರು ಮಾಡುತ್ತಿದ್ದ ಮೊದಲ ಕೆಲಸ ಕೋವಿಯನ್ನು ಮಡಚಿ ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡುವುದು. ಒಂದು ಸಲ ಒಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ನೋಡದೆ ಹೊಡೆದಿದ್ದರೆ ನಳಿಗೆ ಸೀಳುತ್ತಿತ್ತು. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ನಾಟಿ ಮುಗಿದ ಮೇಲೆ, ಕೋವಿ ಕತ್ತಿಗಳನ್ನು ಒರೆಸಿ ತೋಕ್ ಪೂ ಎಂಬ ಹೂವಿಟ್ಟು ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ವರ್ಷಕ್ಕೊಮ್ಮೆ ಕೋವಿಯ ಪ್ರತಿ ಭಾಗಕ್ಕೂ ಕೈ ತಾಗಲೇಬೇಕಾದ ಏರ್ಪಾಡು ಅದು. ಪೂಜೆ ಬೇಡವೆನ್ನುವವರೂ ಆ ಒರೆಸುವ ದಿನವನ್ನು ಉಳಿಸಿಕೊಳ್ಳಬೇಕು.

ನಮ್ಮ ದೇಶದಲ್ಲಿ ಮಾರ್ಪಾಡಿನ ಆಸೆ ಇರುವವರಿಗೆ ಕಾನೂನಿನ ಮಾತೂ ಹೇಳಬೇಕು. ಸೈನ್ಯದ .303, 7.62 ಮಿಲಿಮೀಟರ್ ತೋಟಾಗಳ ರೈಫಲುಗಳು ಇಲ್ಲಿ ಸಾಮಾನ್ಯವಾಗಿ ನಾಗರಿಕರಿಗೆ ನಿಷಿದ್ಧ. ಸಿಗುವ ಬೋಲ್ಟ್ ಆ್ಯಕ್ಷನ್ ಎಂದರೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಗಳ .315. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಯ ಕಸುಬಿಗೆ ಪರವಾನಗಿ ಬೇಕು. 6ನೆಯ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ನಳಿಗೆ ಕತ್ತರಿಸುವಂತಿಲ್ಲ. ಕೆಲವರಿಗೆ ಇದು ಕಿರಿಕಿರಿ ಎನಿಸಬಹುದು. ನನಗೆ ಇದು ಸರಿಯೆಂದೇ ತೋರುತ್ತದೆ. ಮೈಗೆ ಹೊಂದಿಸುವುದಕ್ಕೂ ಯಂತ್ರ ತಿದ್ದುವುದಕ್ಕೂ ನಡುವೆ ನಾನು ಮೇಲೆ ಎಳೆದ ಗೆರೆಯೂ ಹೆಚ್ಚುಕಡಿಮೆ ಅಲ್ಲೇ ಬೀಳುತ್ತದೆ.

ಇಂಥ ರೈಫಲ್ ಬೇಕೇ ಎಂದು ಯಾರಾದರೂ ಕೇಳಿದರೆ, ಇಕ್ಕಟ್ಟಿನಲ್ಲಿ ಹೊತ್ತು ತಿರುಗಬೇಕಾದ ಕೆಲಸ ನಿಮಗಿದೆಯೇ ಎಂದು ತಿರುಗಿ ಕೇಳುತ್ತೇನೆ. ಇಲ್ಲವೆಂದರೆ ಸಾಮಾನ್ಯ ಆಕಾರದ್ದೇ ಸಾಕು. ಉಳಿದ ಗೇಣುದ್ದಕ್ಕೆ ಅಷ್ಟು ಬೆಲೆ ತೆರಬೇಕಾಗಿಲ್ಲ. ಇದೆ ಎನ್ನುವವರು ಕೊಂಡ ಮೊದಲ ವಾರದಲ್ಲಿ ಬಿಡಿಭಾಗಗಳ ಅಂಗಡಿಗೆ ಹೋಗದಿರಿ. ರೈಫಲ್ ಖಾಲಿಯಿದೆಯೆಂದು ಎರಡು ಸಲ, ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬಂದೂಕು ತಿಳಿದ ಒಬ್ಬರನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಇಪ್ಪತ್ತು ಸಲ ಬೋಲ್ಟ್ ಎಳೆಯಿರಿ. ಮೊಣಕೈ ಎಲ್ಲಿ ತಡೆಯಿತು, ತಲೆ ಎಷ್ಟು ಎದ್ದಿತು ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ.